ಮೆದುಳಿನ ನೀರಿನ ಕೋಣೆಯಲ್ಲಿ ಗಡ್ಡೆ: ಹಾಸನ, ಚಿಕ್ಕಮಗಳೂರಿನವರು ಯಾವುದನ್ನು ಮೊದಲು ನಿರ್ಧರಿಸಬೇಕು?

ಸ್ಕ್ಯಾನ್ ವರದಿಯ ಕೊನೆಯಲ್ಲಿ ‘ಇಂಟ್ರಾವೆಂಟ್ರಿಕ್ಯುಲರ್ ಮಾಸ್, ಜೊತೆಗೆ ಹೈಡ್ರೋಕೆಫಲಸ್’ ಅಂತ ಬರೆದಿದ್ದರೆ ಮನೆಯವರೆಲ್ಲ ಮೊದಲ ಅರ್ಧವನ್ನೇ ಹಿಡಿದುಕೊಳ್ಳುತ್ತಾರೆ. ಗಡ್ಡೆ ಕ್ಯಾನ್ಸರಾ, ಯಾವ ಆಸ್ಪತ್ರೆ, ಎಷ್ಟು ಖರ್ಚು, ಬೆಂಗಳೂರಿನಲ್ಲಿ ಯಾರಾದರೂ ಪರಿಚಯದವರು ಇದ್ದಾರಾ ಅಂತ ಫೋನು ಶುರುವಾಗುತ್ತದೆ. ಉಳಿದರ್ಧ, ಅಂದರೆ ಮೆದುಳಿನಲ್ಲಿ ನೀರು ಕಟ್ಟಿಕೊಂಡಿದೆ ಅನ್ನುವುದು, ಹಾಗೇ ಬಿದ್ದಿರುತ್ತದೆ. ಈ ಕಾಯಿಲೆಯಲ್ಲಿ ಜೀವಕ್ಕೆ ಮೊದಲು ಕುತ್ತು ತರುವುದು ಆ ನೀರು. ಅದಕ್ಕೆ ಗಂಟೆಗಳ ಲೆಕ್ಕ. ಗಡ್ಡೆಗೆ ಬಹಳ ಸಲ ವಾರಗಳ ಲೆಕ್ಕ. ಎರಡನ್ನೂ ಬೇರೆ ಬೇರೆಯಾಗಿ ನಿರ್ಧರಿಸಿದರೆ ಗಾಬರಿಯೂ ಕಡಿಮೆ, ತಪ್ಪು ದಾರಿ ಹಿಡಿಯುವುದೂ ಕಡಿಮೆ.

ನಾನು ಡಾಕ್ಟರಲ್ಲ. ನಮ್ಮ ಅಕ್ಕನ ಮಗನಿಗೆ ಸೆಂಟ್ರಲ್ ನ್ಯೂರೋಸೈಟೋಮ ಅನ್ನುವ ಅಪರೂಪದ ಗಡ್ಡೆ ಬಂದಾಗ ಜೊತೆಗಿದ್ದವನು. ಸಕಲೇಶಪುರದ ಕಡೆ ಕಾಫಿ ತೋಟ ನೋಡಿಕೊಳ್ಳುವ ಹುಡುಗ ಅವನು. ಆಮೇಲೆ ನಮ್ಮ ಸುತ್ತಮುತ್ತಲಿನ ಮನೆಗಳವರು ಇಂಥದ್ದೇ ವರದಿ ಹಿಡಿದುಕೊಂಡು ಬಂದಾಗಲೆಲ್ಲ ಒಂದೇ ಬಗೆಯ ಪ್ರಶ್ನೆ ಕೇಳಿದರು: ಇದಾ, ಅದಾ? ಆ ಆಯ್ಕೆಗಳನ್ನು ಒಂದೊಂದಾಗಿ ಪಕ್ಕಪಕ್ಕದಲ್ಲಿ ಇಡುತ್ತೇನೆ. ನಿಮ್ಮ ರೋಗಿಗೆ ಯಾವುದು ಹೊಂದುತ್ತದೆ ಅನ್ನುವುದನ್ನು ಸ್ಕ್ಯಾನ್ ನೋಡಿದ ನರ ಶಸ್ತ್ರಚಿಕಿತ್ಸಕರೇ ಹೇಳಬೇಕು. ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ಇದರಿಂದ ಗೊತ್ತಾದರೆ ಸಾಕು.

ಮೊದಲು ಜಾಗ ತಿಳಿದುಕೊಳ್ಳೋಣ. ಮೆದುಳಿನ ಒಳಗೆ ನಾಲ್ಕು ಕೋಣೆಗಳಿವೆ, ಅವನ್ನು ವೆಂಟ್ರಿಕಲ್ ಅನ್ನುತ್ತಾರೆ. ಎಡಬಲದಲ್ಲಿ ಒಂದೊಂದು ದೊಡ್ಡವು, ನಡುವೆ ಮೂರನೆಯದು, ಹಿಂದೆ ಕೆಳಗೆ ನಾಲ್ಕನೆಯದು. ಅಲ್ಲಿ ತಿಳಿನೀರಿನಂಥ ದ್ರವ ದಿನಕ್ಕೆ ಸುಮಾರು 500 ಮಿಲಿ ಹುಟ್ಟುತ್ತದೆ. ಆದರೆ ಯಾವ ಹೊತ್ತಿನಲ್ಲಿ ನೋಡಿದರೂ ತಲೆ ಮತ್ತು ಬೆನ್ನುಹುರಿ ಸೇರಿ ಇರುವುದು 150 ಮಿಲಿ ಮಾತ್ರ. ಅಂದರೆ ಹುಟ್ಟಿದ್ದು ಹರಿದು ರಕ್ತಕ್ಕೆ ಸೇರುತ್ತಲೇ ಇರಬೇಕು. ಕೋಣೆಯಿಂದ ಕೋಣೆಗೆ ಹೋಗುವ ದಾರಿಗಳು ಬಹಳ ಕಿರಿದು. ಕೆರೆಯ ತೂಬಿಗೆ ಮರದ ಕೊರಡು ಸಿಕ್ಕಿಕೊಂಡರೆ ಆಗುವುದೇ ಇಲ್ಲೂ ಆಗುತ್ತದೆ: ಒಳಹರಿವು ನಿಲ್ಲುವುದಿಲ್ಲ, ನೀರು ಏರುತ್ತದೆ. ಗಡ್ಡೆ ಚಿಕ್ಕದಾಗಿದ್ದರೂ ದಾರಿಯ ಬಾಯಲ್ಲಿ ಕೂತರೆ ಅಪಾಯ. ದೊಡ್ಡದಾಗಿದ್ದೂ ದಾರಿ ಬಿಟ್ಟು ಕೂತಿದ್ದರೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಹುದು.

ತಲೆನೋವಿಗೆ ಮಾತ್ರೆಯಾ, ಸ್ಕ್ಯಾನಾ?

ಎಲ್ಲ ತಲೆನೋವಿಗೂ ಸ್ಕ್ಯಾನ್ ಬೇಡ. ನೂರರಲ್ಲಿ ಬಹುಪಾಲು ತಲೆನೋವು ಮೈಗ್ರೇನ್, ಸ್ನಾಯು ಬಿಗಿತ, ನಿದ್ದೆಗೇಡು. ಮಲೆನಾಡಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಜ್ವರದ ಜೊತೆ ತಲೆನೋವು ಬಂದರೆ ಮಂಗನ ಕಾಯಿಲೆಯ ಯೋಚನೆಯೂ ಬರಬೇಕು. ಅನುಮಾನ ಪಡಬೇಕಾದ ತಲೆನೋವಿನ ಗುಣವೇ ಬೇರೆ. ಬೆಳಗಿನ ಜಾವ ಎಬ್ಬಿಸುತ್ತದೆ, ವಾಂತಿ ಆದಮೇಲೆ ಸ್ವಲ್ಪ ಇಳಿಯುತ್ತದೆ, ಕೆಮ್ಮಿದರೆ ಬಗ್ಗಿದರೆ ಜೋರಾಗುತ್ತದೆ, ವಾರದಿಂದ ವಾರಕ್ಕೆ ಹೆಚ್ಚುತ್ತಲೇ ಹೋಗುತ್ತದೆ. ಕಣ್ಣು ಆಗಾಗ ಒಂದು ಕ್ಷಣ ಮಬ್ಬಾಗುತ್ತದೆ. ನಡಿಗೆಯಲ್ಲಿ ತೂಕ ತಪ್ಪುತ್ತದೆ. ಹೇಳಿದ ಮಾತು ಮರೆತುಹೋಗುತ್ತದೆ.

ನಮ್ಮ ಹುಡುಗನಿಗೆ ಒಂದು ಕ್ಲಿನಿಕ್ಕಿನಲ್ಲಿ ತಿಂಗಳುಗಟ್ಟಲೆ ಮೈಗ್ರೇನ್ ಮಾತ್ರೆ ಕೊಟ್ಟರು. ಕೊನೆಗೆ ಗುಟ್ಟು ಹೊರಬಿದ್ದದ್ದು ಕನ್ನಡಕಕ್ಕೆ ಅಂತ ಹೋದಾಗ. ಕಣ್ಣಿನ ಡಾಕ್ಟರು ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಕಣ್ಣಿನ ಹಿಂಭಾಗ ನೋಡಿ, ನರದ ಅಂಚು ಊದಿಕೊಂಡಿದೆ, ಇವತ್ತೇ ಸ್ಕ್ಯಾನ್ ಮಾಡಿಸಿ ಅಂದರು. ತಲೆಯೊಳಗೆ ಒತ್ತಡ ಹೆಚ್ಚಿದಾಗ ಕಣ್ಣಿನ ನರ ಹಾಗೆ ಊದಿಕೊಳ್ಳುತ್ತದೆ. ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ, ಖರ್ಚೂ ಕಡಿಮೆ. ಬೆಳಗಿನ ತಲೆನೋವು, ವಾಂತಿ ಇರುವವರು ಸ್ಕ್ಯಾನಿಗೆ ಹಿಂದೆಮುಂದೆ ನೋಡುತ್ತಿದ್ದರೆ ಮೊದಲು ಕಣ್ಣಿನ ಹಿಂಭಾಗ ತೋರಿಸಿಕೊಳ್ಳಿ. ಅಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಅಂತಲ್ಲ, ಊತ ಕಂಡರೆ ಮಾತ್ರ ಕಾಯುವ ಹಾಗೇ ಇಲ್ಲ.

ಸಿಟಿ ಮತ್ತು ಎಂಆರ್‌ಐ ನಡುವೆ ಆಯ್ಕೆ ಬಂದರೆ ರೋಗಿಯ ಸ್ಥಿತಿ ನೋಡಿ ನಿರ್ಧರಿಸಿ. ಮಂಪರು, ಪದೇ ಪದೇ ವಾಂತಿ, ಫಿಟ್ಸ್ ಇದ್ದರೆ ಸಿಟಿ. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ನೀರು ಕಟ್ಟಿದೆಯಾ, ರಕ್ತ ಸೋರಿದೆಯಾ, ಗಡ್ಡೆಯಲ್ಲಿ ಸುಣ್ಣದ ಚುಕ್ಕೆಗಳಿವೆಯಾ ಅಂತ ಹೇಳುತ್ತದೆ. ಅರ್ಧ ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕಾದ ಎಂಆರ್‌ಐ ಅಂಥವರಿಗೆ ಆ ಹೊತ್ತಿಗೆ ಬೇಡ. ಸ್ಥಿರವಾಗಿದ್ದವರಿಗೆ ಎಂಆರ್‌ಐ ಬೇಕೇ ಬೇಕು, ಅದೂ ಗಡ್ಡೆ ಎದ್ದು ಕಾಣಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಸಹಿತ. ಕಾಂಟ್ರಾಸ್ಟ್ ಇಲ್ಲದೆ ಮಾಡಿಸಿಕೊಂಡು ಹೋದರೆ ದೊಡ್ಡ ಆಸ್ಪತ್ರೆಯಲ್ಲಿ ಮತ್ತೆ ಮಾಡಿಸುತ್ತಾರೆ, ದುಡ್ಡು ಎರಡು ಸಲ. ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಂಡಿರಿ. ಫಿಲ್ಮಿನ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಫಿಲ್ಮಿನಲ್ಲಿ ಇರುವುದು ಆಯ್ದ ಚಿತ್ರಗಳು, ಶಸ್ತ್ರಚಿಕಿತ್ಸಕರಿಗೆ ಬೇಕಾದದ್ದು ಎಲ್ಲವೂ. ಇನ್ನೊಂದು ಮಾತು: ಒತ್ತಡ ಹೆಚ್ಚಿದೆ ಅನ್ನುವ ಅನುಮಾನ ಇರುವಾಗ ಸ್ಕ್ಯಾನಿಗೆ ಮುಂಚೆ ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ ಅಪಾಯಕಾರಿ.

ಯಾವ ಗಡ್ಡೆ?

ವೆಂಟ್ರಿಕಲ್ ಒಳಗೆ ಬರುವ ಗಡ್ಡೆಗಳೆಲ್ಲ ಒಂದೇ ಜಾತಿಯಲ್ಲ. ವಯಸ್ಸು ಮತ್ತು ಜಾಗ, ಈ ಎರಡರಿಂದಲೇ ಅರ್ಧ ಊಹೆ ಸಿಗುತ್ತದೆ. ಹಾಲುಗೂಸಿನ ಮೆದುಳಿನ ಎಡ ಅಥವಾ ಬಲದ ದೊಡ್ಡ ಕೋಣೆಯಲ್ಲಿ ಗೊಂಚಲಿನಂಥ, ರಕ್ತ ತುಂಬಿದ ಗಡ್ಡೆ ಕಂಡರೆ ಹೆಚ್ಚಾಗಿ ಕೋರಾಯ್ಡ್ ಪ್ಲೆಕ್ಸಸ್ (ಆ ದ್ರವ ಹುಟ್ಟುವ ಭಾಗ) ಗಡ್ಡೆ. ಮಗುವಿನ ನಾಲ್ಕನೇ ಕೋಣೆಯಲ್ಲಾದರೆ ಎಪೆಂಡೈಮೋಮ ಅನ್ನುವ ಅನುಮಾನ ಬರುತ್ತದೆ. ಮೂರನೇ ಕೋಣೆಯ ಬಾಯಲ್ಲಿ ಗುಂಡಗೆ, ಸಿಟಿಯಲ್ಲಿ ಬೆಳ್ಳಗೆ ಕಾಣುವುದು ಕೊಲಾಯ್ಡ್ ಸಿಸ್ಟ್. ಇದು ಕ್ಯಾನ್ಸರ್ ಅಲ್ಲದ ಸಾದಾ ಗಡ್ಡೆ, ಆದರೆ ದಾರಿಯನ್ನು ದಿಢೀರ್ ಮುಚ್ಚಿಬಿಡಬಹುದು. ಮಧ್ಯವಯಸ್ಸಿನ ಹೆಂಗಸರಲ್ಲಿ ಎಡ ಅಥವಾ ಬಲದ ದೊಡ್ಡ ಕೋಣೆಯ ಹಿಂಭಾಗದಲ್ಲಿ ಮೆನಿಂಜಿಯೋಮ. ವಯಸ್ಸಾದವರಲ್ಲಿ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಸುಮ್ಮನೆ ಕಾಣಿಸಿಕೊಳ್ಳುವುದು ಸಬ್‌ಎಪೆಂಡೈಮೋಮ. ನಮ್ಮ ದೇಶದಲ್ಲಿ ಹುಳದ ಚೀಲ, ಕ್ಷಯದ ಗಂಟು ಕೂಡ ಗಡ್ಡೆಯ ವೇಷದಲ್ಲಿ ಬರುತ್ತವೆ, ಹಾಗಾಗಿ ಒಳ್ಳೆಯ ರೇಡಿಯಾಲಜಿಸ್ಟ್ ಅವನ್ನೂ ಪಟ್ಟಿಯಲ್ಲಿ ಬರೆಯುತ್ತಾರೆ.

ಸೆಂಟ್ರಲ್ ನ್ಯೂರೋಸೈಟೋಮ ಈ ಗುಂಪಿನಲ್ಲೇ ಅಪರೂಪದ್ದು. ಮೆದುಳಿನಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಶೇ. 0.5ರಷ್ಟೂ ಇರುವುದಿಲ್ಲ. ಇದನ್ನು ಬೇರೆ ಜಾತಿ ಅಂತ ಗುರುತಿಸಿದ್ದೇ 1982ರಲ್ಲಿ, ಫ್ರಾನ್ಸಿನ ಹಸೂನ್ ಮತ್ತು ಸಂಗಡಿಗರು, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ. ಅದಕ್ಕೂ ಮುಂಚೆ ಇವೆಲ್ಲ ಆಲಿಗೋಡೆಂಡ್ರೋಗ್ಲಿಯೋಮ ಅಥವಾ ಎಪೆಂಡೈಮೋಮ ಅನ್ನುವ ಹೆಸರಿನಲ್ಲಿ ಹೋಗುತ್ತಿದ್ದವು. ಬರುವುದು ಹೆಚ್ಚಾಗಿ 20ರಿಂದ 40ರ ನಡುವಿನವರಿಗೆ. ಎರಡು ದೊಡ್ಡ ಕೋಣೆಗಳ ನಡುವಿನ ತೆಳುಪೊರೆಗೆ ಅಂಟಿಕೊಂಡು, ಮೂರನೇ ಕೋಣೆಗೆ ಇಳಿಯುವ ಬಾಯಿಯ ಹತ್ತಿರವೇ ಬೆಳೆಯುತ್ತದೆ. ಎಂಆರ್‌ಐಯಲ್ಲಿ ಸೋಪಿನ ನೊರೆಯಂತೆ ಗುಳ್ಳೆಗುಳ್ಳೆ ಕಾಣುತ್ತದೆ, ಸುಮಾರು ಅರ್ಧದಷ್ಟು ಜನರಲ್ಲಿ ಸುಣ್ಣ ಕಟ್ಟಿರುತ್ತದೆ. ಗಡ್ಡೆಯೊಳಗಿನ ರಾಸಾಯನಿಕಗಳನ್ನು ಗುರುತಿಸುವ ಎಂಆರ್ ಸ್ಪೆಕ್ಟ್ರೋಸ್ಕೋಪಿ ಮಾಡಿದರೆ ಗ್ಲೈಸಿನ್ ಅನ್ನುವ ರಾಸಾಯನಿಕದ ಗುರುತು ಸಿಗಬಹುದು. ಅದು ಈ ಗಡ್ಡೆಯ ಕಡೆ ಬಲವಾಗಿ ಬೆರಳು ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದಕ್ಕೆ 2ನೇ ದರ್ಜೆ. ನಿಧಾನವಾಗಿ ಬೆಳೆಯುತ್ತದೆ, ಪೂರ್ತಿ ತೆಗೆದರೆ ಬಹುಪಾಲು ಜನ ಎಷ್ಟೋ ವರ್ಷ ಆರೋಗ್ಯವಾಗಿ ಬಾಳುತ್ತಾರೆ. ‘ಬ್ರೇನ್ ಟ್ಯೂಮರ್’ ಅಂತ ಕೇಳಿದ ಕೂಡಲೇ ಎಲ್ಲ ಮುಗಿಯಿತು ಅಂದುಕೊಂಡು ಅಳುವ ಮನೆಗೆ ನಾನು ಮೊದಲು ಹೇಳುವುದು ಈ ಮಾತನ್ನೇ.

ನೀರಿಗೆ ದಾರಿ: ನಾಲ್ಕರಲ್ಲಿ ಯಾವುದು?

ಇದು ಗಂಟೆಗಳ ಲೆಕ್ಕದ ಭಾಗ. ರೋಗಿ ಎಚ್ಚರವಾಗಿದ್ದು, ತಲೆನೋವು ತಡೆಯುವಷ್ಟಿದ್ದರೆ ಊತ ಇಳಿಸುವ ಡೆಕ್ಸಾಮೆಥಾಸೋನ್‌ನಂಥ ಔಷಧದಲ್ಲಿ ಕೆಲವು ದಿನ ತಳ್ಳಿ, ನೇರವಾಗಿ ಗಡ್ಡೆಯನ್ನೇ ತೆಗೆಯಬಹುದು. ಗಡ್ಡೆ ಹೋದರೆ ಬಹಳ ಸಲ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಸಮಯ ಇದ್ದಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನುವುದು ನನ್ನ ಅನಿಸಿಕೆ, ಯಾಕೆಂದರೆ ಮೈಯೊಳಗೆ ಕಾಯಂ ನಳಿಕೆ ಉಳಿಯುವುದಿಲ್ಲ.

ಮಂಪರು ಬಂದಿದ್ದರೆ, ಕಣ್ಣು ಹೋಗುತ್ತಿದ್ದರೆ ಕಾಯುವ ಮಾತಿಲ್ಲ. ಆಗ ಇವಿಡಿ, ಅಂದರೆ ತಲೆಬುರುಡೆಗೆ ಸಣ್ಣ ತೂತು ಮಾಡಿ ನಳಿಕೆ ಇಳಿಸಿ ನೀರನ್ನು ಹೊರಗಿನ ಚೀಲಕ್ಕೆ ಹರಿಸುವುದು. ಇದು ತಾತ್ಕಾಲಿಕ; ದಿನ ಕಳೆದಷ್ಟೂ ಸೋಂಕಿನ ಭಯ ಹೆಚ್ಚು. ಐಸಿಯುನಲ್ಲಿ ನಮ್ಮ ಹುಡುಗನ ಮಂಚದ ಪಕ್ಕ ಒಂದು ಕಂಬ, ಅದಕ್ಕೆ ಅಳತೆಯ ಗೆರೆಗಳಿದ್ದ ಪಟ್ಟಿ, ಪಟ್ಟಿಯ ಮೇಲೆ ಗಾಜಿನಂಥ ಕೊಳವೆ ಇತ್ತು. ಸೊನ್ನೆಯ ಗೆರೆ ಅವನ ಕಿವಿಯ ತೂತಿನ ಸಮಕ್ಕೆ ಇರಬೇಕು. ಹನಿ ಹನಿಯಾಗಿ ಬೀಳುವ ನೀರನ್ನು ನರ್ಸು ಗಂಟೆಗೊಮ್ಮೆ ಬರೆದುಕೊಳ್ಳುತ್ತಿದ್ದರು. ನೀರು ಕುಡಿಸಲು ಅಂತ ಅಕ್ಕ ಮಂಚದ ತಲೆಭಾಗ ಎತ್ತಲು ಹೋದಾಗ ನರ್ಸು ಓಡಿಬಂದು ತಡೆದರು. ತಲೆ ಮೇಲೇರಿದರೆ ನೀರು ಒಮ್ಮೆಲೇ ಹೆಚ್ಚಾಗಿ ಹರಿದು ಮೆದುಳು ಕುಸಿಯುತ್ತದೆ, ಕೆಳಗಿಳಿದರೆ ಹರಿಯುವುದೇ ನಿಲ್ಲುತ್ತದೆ. ಇವಿಡಿ ಇರುವ ರೋಗಿಯನ್ನು ಮನೆಯವರು ಕೇಳದೆ ಕೂರಿಸಬಾರದು, ಮಂಚ ಎತ್ತಬಾರದು. ಬೇರೆ ಆಸ್ಪತ್ರೆಗೆ ಸಾಗಿಸುವಾಗ ನಳಿಕೆಯ ಕೀಲಿ ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಅಂತ ಗೊತ್ತಿರುವ ಸಿಬ್ಬಂದಿ ಆಂಬುಲೆನ್ಸಿನಲ್ಲಿ ಇರಲೇಬೇಕು.

ಮೂರನೆಯದು ವಿಪಿ ಶಂಟ್: ಚರ್ಮದ ಕೆಳಗೆ ತಲೆಯಿಂದ ಹೊಟ್ಟೆಗೆ ಕಾಯಂ ನಳಿಕೆ. ಗಡ್ಡೆಯ ಆಪರೇಷನ್ ತಡವಾಗುವುದಾದರೆ, ಅಥವಾ ಗಡ್ಡೆ ತೆಗೆದ ಮೇಲೂ ನೀರು ಕಟ್ಟಿದರೆ ಇದು ಬೇಕಾಗುತ್ತದೆ. ನಳಿಕೆ ಕಟ್ಟಿಕೊಳ್ಳಬಹುದು, ಸೋಂಕಾಗಬಹುದು, ಮುಂದೆಂದೋ ಬದಲಿಸಬೇಕಾಗಬಹುದು. ಗಡ್ಡೆ ಎರಡೂ ಕೋಣೆಗಳ ಬಾಯಿ ಮುಚ್ಚಿದ್ದರೆ ಒಂದು ಬದಿಯ ನಳಿಕೆ ಇನ್ನೊಂದು ಬದಿಗೆ ಉಪಯೋಗವಿಲ್ಲ. ಎರಡು ಬೇಕು, ಇಲ್ಲವೇ ನಡುವಿನ ಪೊರೆಯಲ್ಲಿ ಎಂಡೋಸ್ಕೋಪಿನಿಂದ ಕಿಟಕಿ ಮಾಡಬೇಕು. ಇದನ್ನು ಕೇಳದೆ ಶಂಟ್‌ಗೆ ಒಪ್ಪಬೇಡಿ.

ನಾಲ್ಕನೆಯದು ಇಟಿವಿ. ಎಂಡೋಸ್ಕೋಪಿನಿಂದ ಮೂರನೇ ಕೋಣೆಯ ತಳದಲ್ಲಿ ತೂತು ಮಾಡಿ ನೀರಿಗೆ ಒಳಗೇ ಬೇರೆ ದಾರಿ ಕೊಡುವುದು. ನಳಿಕೆಯೇ ಇಲ್ಲದ ಉಪಾಯವಾದ್ದರಿಂದ ಎಲ್ಲರಿಗೂ ಇಷ್ಟವಾಗುತ್ತದೆ, ಆದರೆ ಎಲ್ಲರಿಗೂ ಹೊಂದುವುದಿಲ್ಲ. ಅಡ್ಡಿ ಮೂರನೇ ಕೋಣೆಯ ಹಿಂದೆ ಅಥವಾ ಅದರ ಕೆಳಗಿನ ಕಿರುದಾರಿಯಲ್ಲಿದ್ದರೆ ಬಹಳ ಒಳ್ಳೆಯದು. ನ್ಯೂರೋಸೈಟೋಮದಂತೆ ಅಡ್ಡಿ ಮೂರನೇ ಕೋಣೆಗೆ ಬರುವ ಮುಂಚೆಯೇ ಇದ್ದರೆ ಅಲ್ಲಿಗೆ ನೀರೇ ಬರುವುದಿಲ್ಲ, ತೂತು ಮಾಡಿ ಏನು ಪ್ರಯೋಜನ?

ಕಾಯುವುದಾ, ಚೂರು ತೆಗೆದು ನೋಡುವುದಾ, ಪೂರ್ತಿ ತೆಗೆಯುವುದಾ?

ಸುಮ್ಮನೆ ಕಂಡ ಸಣ್ಣ ಸಬ್‌ಎಪೆಂಡೈಮೋಮ, ಲಕ್ಷಣವಿಲ್ಲದ, 1 ಸೆಂ.ಮೀ.ಗಿಂತ ಚಿಕ್ಕ ಕೊಲಾಯ್ಡ್ ಸಿಸ್ಟ್, ಇವನ್ನು ಕಾಲಕಾಲಕ್ಕೆ ಎಂಆರ್‌ಐ ಮಾಡಿ ನೋಡುತ್ತಾ ಕಾಯಬಹುದು. ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನುವ ಹುಟ್ಟಿನಿಂದ ಬರುವ ಕಾಯಿಲೆ ಇರುವ ಮಕ್ಕಳ ಒಂದು ಬಗೆಯ ಗಡ್ಡೆಗೆ ಎವೆರೊಲಿಮಸ್ ಮಾತ್ರೆಯೇ ಕೆಲಸ ಮಾಡುತ್ತದೆ. ಮೂರನೇ ಕೋಣೆಯ ಹಿಂಭಾಗದ ಜರ್ಮ್ ಸೆಲ್ ಗಡ್ಡೆಗಳಲ್ಲಿ ಜರ್ಮಿನೋಮ ಅನ್ನುವ ಬಗೆ ವಿಕಿರಣಕ್ಕೆ ಚೆನ್ನಾಗಿ ಬಗ್ಗುತ್ತದೆ. ಅಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಮಾಡಿ, ಎಂಡೋಸ್ಕೋಪಿನಿಂದ ಒಂದೇ ಸಲಕ್ಕೆ ಇಟಿವಿಯನ್ನೂ ಬಯಾಪ್ಸಿಯನ್ನೂ (ಚೂರು ತೆಗೆದು ಪರೀಕ್ಷಿಸುವುದು) ಮುಗಿಸುವುದು ಜಾಣತನ. ದೊಡ್ಡ ಆಪರೇಷನ್ ಎಷ್ಟೋ ಸಲ ಬೇಕಾಗುವುದೇ ಇಲ್ಲ.

ನ್ಯೂರೋಸೈಟೋಮ, ಮೆನಿಂಜಿಯೋಮ, ಕೋರಾಯ್ಡ್ ಪ್ಲೆಕ್ಸಸ್ ಗಡ್ಡೆಗಳಲ್ಲಿ ಲಕ್ಷಣ ಇದ್ದರೆ ಸುರಕ್ಷಿತವಾಗಿ ಆದಷ್ಟೂ ಪೂರ್ತಿ ತೆಗೆಯುವುದೇ ಮೊದಲ ಚಿಕಿತ್ಸೆ. ‘ಮೊದಲು ಒಂದು ಚೂರು ತೆಗೆದು ನೋಡೋಣ’ ಅಂತ ಯಾರಾದರೂ ಅಂದರೆ, ಆ ಚೂರಿನ ಫಲಿತಾಂಶದಿಂದ ಮುಂದಿನ ಯೋಜನೆ ಬದಲಾಗುತ್ತದೆಯಾ ಅಂತ ಕೇಳಿ. ಬದಲಾಗುವುದಿಲ್ಲ ಅಂದರೆ ಎರಡು ಸಲ ತಲೆ ತೆರೆಸಿಕೊಳ್ಳುವುದು ಯಾಕೆ?

ಒಳಗೆ ಹೋಗುವ ದಾರಿ ಎರಡು. ಒಂದು, ಮೆದುಳಿನ ಎರಡು ಅರ್ಧಗಳ ನಡುವಿನ ಸಂದಿಯಲ್ಲಿ ಇಳಿದು, ಅವನ್ನು ಸೇರಿಸುವ ಸೇತುವೆಯಲ್ಲಿ ಸಣ್ಣ ಸೀಳು ಮಾಡಿ ಹೋಗುವುದು. ಇನ್ನೊಂದು, ಮುಂಭಾಗದ ಮೆದುಳನ್ನೇ ಸ್ವಲ್ಪ ಸೀಳಿ ನೇರವಾಗಿ ಕೋಣೆಗೆ ಇಳಿಯುವುದು. ಸಂದಿಯ ದಾರಿಯಲ್ಲಿ ಮೆದುಳಿನ ಮೇಲ್ಪದರಕ್ಕೆ ಗಾಯವಿಲ್ಲ, ಕೋಣೆ ಹಿಗ್ಗಿರದಿದ್ದರೂ ಹೋಗಬಹುದು. ಆದರೆ ದಾರಿಯಲ್ಲಿರುವ ದೊಡ್ಡ ರಕ್ತನಾಳಗಳ ಬಗ್ಗೆ ಬಹಳ ಎಚ್ಚರ ಬೇಕು. ಎರಡನೆಯದು ಕೋಣೆ ಹಿಗ್ಗಿರುವಾಗ ವಿಶಾಲ ದಾರಿ. ಮುಂದೆ ಫಿಟ್ಸ್ ಬರುವ ಸಂಭವ ಸ್ವಲ್ಪ ಹೆಚ್ಚು. ಎರಡರಲ್ಲೂ ನೆನಪಿನ ಎಳೆಯಾದ ಫಾರ್ನಿಕ್ಸ್ ಪಕ್ಕದಲ್ಲೇ ಇರುತ್ತದೆ. ಆಪರೇಷನ್ ಆದ ಮೇಲೆ ಕೆಲವು ದಿನ, ಕೆಲವು ವಾರ ಹೊಸ ವಿಷಯ ನೆನಪಲ್ಲಿ ನಿಲ್ಲದೆ ಹೋಗುವುದುಂಟು, ಒಬ್ಬೊಬ್ಬರಲ್ಲಿ ಅದು ಉಳಿದುಬಿಡುವುದೂ ಉಂಟು. ಕೈಕಾಲಿನ ಬಲ ಕುಗ್ಗುವುದು, ಕೋಣೆಯೊಳಗೆ ರಕ್ತ ಸೋರುವುದು ಉಳಿದ ಭಯಗಳು. ಯಾವ ದಾರಿ ಒಳ್ಳೆಯದು ಅಂತ ನಾವು ವಾದಿಸುವುದಕ್ಕಿಂತ, ‘ನಿಮ್ಮ ಕೈಗೆ ಯಾವುದು ಹೆಚ್ಚು ಪಳಗಿದೆ, ಇಂಥ ಗಡ್ಡೆ ಎಷ್ಟು ಸಲ ತೆಗೆದಿದ್ದೀರಿ’ ಅಂತ ಮರ್ಯಾದೆಯಿಂದ ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ.

ಎಂಡೋಸ್ಕೋಪ್ ಅಂದರೆ ಸಣ್ಣ ತೂತು, ಬೇಗ ಮನೆಗೆ ಅನ್ನುವ ಆಸೆ ಸಹಜ. ಕೊಲಾಯ್ಡ್ ಸಿಸ್ಟಿಗೆ, ಬಯಾಪ್ಸಿಗೆ ಅದು ಸರಿ. ದೊಡ್ಡ, ರಕ್ತ ತುಂಬಿದ, ಸುಣ್ಣ ಕಟ್ಟಿದ ಗಡ್ಡೆಗೆ ಮೈಕ್ರೋಸ್ಕೋಪಿನ ತೆರೆದ ಆಪರೇಷನ್ನೇ ವಾಸಿ. ರಕ್ತ ಸೋರಿದರೆ ನಿಲ್ಲಿಸಲು ಎರಡು ಕೈ ಬೇಕು.

ಎಲ್ಲಿ ಮಾಡಿಸುವುದು?

ಎರಡು ಲೆಕ್ಕದ ಮಾತು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೀರಿನ ತುರ್ತಿಗೆ ಹತ್ತಿರದ ಆಸ್ಪತ್ರೆ, ಗಡ್ಡೆಗೆ ಅನುಭವದ ಆಸ್ಪತ್ರೆ. ಎರಡೂ ಒಂದೇ ಕಡೆ ಆಗಬೇಕು ಅಂತ ಹಟ ಹಿಡಿದು, ಮಂಪರಿನಲ್ಲಿರುವ ರೋಗಿಯನ್ನು ಸ್ವಂತ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಹೊರಡುವವರಿದ್ದಾರೆ. ದಯವಿಟ್ಟು ಬೇಡ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿ.ಮೀ., ಚಿಕ್ಕಮಗಳೂರಿನಿಂದ 245 ಕಿ.ಮೀ. ಹತ್ತಿರ. ಆ ದಾರಿಯಲ್ಲಿ ಉಸಿರು ನಿಂತರೆ ಕಾರಿನಲ್ಲಿ ಏನೂ ಮಾಡಲಾಗದು.

ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದ ಹಿಮ್ಸ್, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ, ಇವು ಮೊದಲ ಮೆಟ್ಟಿಲು: ಸಿಟಿ, ಮೊದಲ ಔಷಧ, ಬೇಕಾದರೆ ಉಸಿರಾಟಕ್ಕೆ ನಳಿಕೆ, ರೆಫರಲ್ ಪತ್ರ. ನರ ಶಸ್ತ್ರಚಿಕಿತ್ಸಕರು ಆ ಹೊತ್ತಿಗೆ ಎಲ್ಲಿ ಸಿಗುತ್ತಾರೆ ಅಂತ ಹೊರಡುವ ಮುಂಚೆ ಫೋನಿನಲ್ಲಿ ಕೇಳಿಸಿ. ಮುಂದಿನ ದಾರಿ ನೀವಿರುವ ತಾಲ್ಲೂಕಿನ ಮೇಲೆ ಹೋಗುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದವರಿಗೆ ಬೆಂಗಳೂರು ಸಹಜ. ಹೊಳೆನರಸೀಪುರ, ಅರಕಲಗೂಡಿನವರಿಗೆ ಮೈಸೂರು ಹತ್ತಿರ. ಕಡೂರು, ತರೀಕೆರೆಯವರು ತುರ್ತಿಗೆ ಶಿವಮೊಗ್ಗ ನೋಡಬಹುದು. ಮೂಡಿಗೆರೆಯವರಿಗೆ ಚಾರ್ಮಾಡಿ ಇಳಿದರೆ ಮಂಗಳೂರು, ಶೃಂಗೇರಿ ಕೊಪ್ಪದವರಿಗೆ ಆಗುಂಬೆ ಇಳಿದರೆ ಮಣಿಪಾಲ. ಮಳೆಗಾಲದಲ್ಲಿ ಈ ಲೆಕ್ಕವೆಲ್ಲ ಬದಲಾಗುತ್ತದೆ. ಶಿರಾಡಿ, ಚಾರ್ಮಾಡಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವುದು ನಮಗೆ ಹೊಸದಲ್ಲ. 108ರವರನ್ನೋ ಪೊಲೀಸರನ್ನೋ ಕೇಳದೆ ರಾತ್ರಿ ಘಾಟಿಗೆ ಇಳಿಯಬೇಡಿ.

ಗಡ್ಡೆಯ ಆಪರೇಷನ್ನಿಗೆ ಆಯ್ಕೆ ಮಾಡುವಾಗ ನಿಮ್ಹಾನ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನರರೋಗಕ್ಕೇ ಮೀಸಲಾದ ಸಂಸ್ಥೆ. ಶಸ್ತ್ರಚಿಕಿತ್ಸೆ, ನ್ಯೂರೋಪೆಥಾಲಜಿ (ತೆಗೆದ ಗಡ್ಡೆಯನ್ನು ಪರೀಕ್ಷಿಸುವ ವಿಭಾಗ), ಗಾಮಾ ನೈಫ್ (ಸೀಳದೆ ಕಿರಣದಿಂದ ಚಿಕಿತ್ಸೆ) ಒಂದೇ ಆವರಣದಲ್ಲಿ. ಅಪರೂಪದ ಗಡ್ಡೆಗೆ ಇದು ದೊಡ್ಡ ಅನುಕೂಲ, ಖರ್ಚೂ ಕಡಿಮೆ. ತೊಂದರೆ ಎಂದರೆ ಜನ. ತುರ್ತಿಲ್ಲದ ಆಪರೇಷನ್ನಿಗೆ ಕಾಯಬೇಕಾಗುತ್ತದೆ. ಗಡ್ಡೆಗೆ ವಾರಗಳ ಲೆಕ್ಕ ಅಂದೆನಲ್ಲ, ನೀರಿನ ಸಮಸ್ಯೆ ಹತೋಟಿಯಲ್ಲಿದ್ದರೆ ಆ ಕಾಯುವಿಕೆ ಸಹಿಸಬಹುದಾದದ್ದು. ಹತೋಟಿಯಲ್ಲಿಲ್ಲದಿದ್ದರೆ ಸರದಿಗೆ ನಿಲ್ಲದೆ ನೇರ ಎಮರ್ಜೆನ್ಸಿಗೆ ಹೋಗಿ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ನರ ಶಸ್ತ್ರಚಿಕಿತ್ಸೆ ಉಚಿತ. ಅಲ್ಲಿಯೂ ಮುಂಚೆ ತೋರಿಸಿ ದಿನ ಪಡೆಯಬೇಕು. ಮಣಿಪಾಲದ ಕಸ್ತೂರಬಾ ಆಸ್ಪತ್ರೆ ಮಲೆನಾಡಿನವರಿಗೆ ತಲೆಮಾರುಗಳಿಂದ ಪರಿಚಿತ ಜಾಗ. ಖಾಸಗಿ ಆಸ್ಪತ್ರೆಯಲ್ಲಿ ದಿನಾಂಕ ಬೇಗ ಸಿಗುತ್ತದೆ, ಬಿಲ್ಲು ಐಸಿಯು ದಿನಗಳ ಮೇಲೆ ಬೆಳೆಯುತ್ತದೆ. ಪ್ಯಾಕೇಜಿನಲ್ಲಿ ಶಂಟ್, ಎರಡನೇ ಆಪರೇಷನ್, ಪೆಥಾಲಜಿ ಸೇರಿವೆಯಾ ಅಂತ ಬರವಣಿಗೆಯಲ್ಲಿ ಕೇಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಖಾಸಗಿಗೆ ನೇರ ಹೋಗಿ ಅಡ್ಮಿಟ್ ಆದ ಮೇಲೆ ಹಾಸನಕ್ಕೆ ಪತ್ರಕ್ಕಾಗಿ ಓಡಿಬರುವ ಮನೆಗಳನ್ನು ನೋಡಿದ್ದೇನೆ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡು ಇದೆಯಾ ಅಂತ ಮನೆಯ ಪೆಟ್ಟಿಗೆಯಲ್ಲಿ ಹುಡುಕಿ.

ಗಡ್ಡೆಯ ಹೆಸರು ಖಚಿತವಾಗುವುದು ಪೆಥಾಲಜಿಯಲ್ಲಿ

ತೆಗೆದ ಗಡ್ಡೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನ್ಯೂರೋಸೈಟೋಮ ಮತ್ತು ಆಲಿಗೋಡೆಂಡ್ರೋಗ್ಲಿಯೋಮ ಅವಳಿಗಳಂತೆ ಕಾಣುತ್ತವೆ. ಚಿಕಿತ್ಸೆಯೋ ಅಜಗಜಾಂತರ. ಬೇರ್ಪಡಿಸುವುದು ಬಣ್ಣದ ಪರೀಕ್ಷೆ ಮತ್ತು ಜೀನ್ ಪರೀಕ್ಷೆಗಳು: ಸಿನಾಪ್ಟೋಫೈಸಿನ್ ಅನ್ನುವ ಪ್ರೋಟೀನ್ ಪಾಸಿಟಿವ್ ಬಂದರೆ ನ್ಯೂರೋಸೈಟೋಮದ ಕಡೆ, ಐಡಿಎಚ್ ಅನ್ನುವ ಜೀನಿನಲ್ಲಿ ಬದಲಾವಣೆ ಮತ್ತು 1ಪಿ/19ಕ್ಯೂ ಅನ್ನುವ ಕ್ರೋಮೋಸೋಮ್ ಭಾಗಗಳ ನಷ್ಟ ಎರಡೂ ಇದ್ದರೆ ಆಲಿಗೋಡೆಂಡ್ರೋಗ್ಲಿಯೋಮ. ಕೆಐ-67 ಅನ್ನುವ ಅಂಕಿ ಜೀವಕೋಶ ಎಷ್ಟು ವೇಗವಾಗಿ ಹೆಚ್ಚುತ್ತಿದೆ ಅಂತ ಹೇಳುತ್ತದೆ. ಶೇ. 2–3ಕ್ಕಿಂತ ಹೆಚ್ಚಿದ್ದರೆ ಮತ್ತೆ ಬರುವ ಸಂಭವ ಜಾಸ್ತಿ ಅಂತ ಡಾಕ್ಟರು ಎಣಿಸುತ್ತಾರೆ. ವರದಿಯಲ್ಲಿ ಈ ಪರೀಕ್ಷೆಗಳಿಲ್ಲದೆ ಬರೀ ಹೆಸರು ಇದ್ದರೆ ಎರಡನೇ ಅಭಿಪ್ರಾಯ ಕೇಳಲೇಬೇಕು.

ಅದಕ್ಕೆ ರೋಗಿ ಹೋಗಬೇಕಿಲ್ಲ, ಬ್ಲಾಕ್ ಹೋದರೆ ಸಾಕು. ಪ್ಲಾಸ್ಟಿಕ್ಕಿನ ಪುಟ್ಟ ಚೌಕಟ್ಟಿನಲ್ಲಿ ಮೇಣದ ಬಿಲ್ಲೆ, ಅದರೊಳಗೆ ಕಾಳಿನಷ್ಟು ಕಂದು ಚೂರು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರು. ಆಪರೇಷನ್ ಆದ ಆಸ್ಪತ್ರೆಯ ಲ್ಯಾಬಿನಲ್ಲಿ ಅರ್ಜಿ ಕೊಟ್ಟು ಬ್ಲಾಕನ್ನೂ ಸ್ಲೈಡುಗಳನ್ನೂ ಪಡೆದು, ನ್ಯೂರೋಪೆಥಾಲಜಿ ಇರುವ ಕಡೆ ಕೊಡಬಹುದು. ನಂಬರು ವರದಿಯ ನಂಬರಿಗೆ ಹೊಂದುತ್ತದೆಯಾ ನೋಡಿಕೊಳ್ಳಿ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಮೇಣ ಕರಗುತ್ತದೆ, ಕೈಚೀಲದಲ್ಲೇ ಇಟ್ಟುಕೊಳ್ಳಿ.

ಚೂರು ಉಳಿದಿದ್ದರೆ

ಆಪರೇಷನ್ ಆಗಿ ಎರಡು ಮೂರು ದಿನದೊಳಗೆ ಒಂದು ಎಂಆರ್‌ಐ ಆಗಬೇಕು. ತಡವಾದರೆ ಗಾಯದ ಕಲೆಯೂ ಉಳಿದ ಗಡ್ಡೆಯೂ ಒಂದೇ ಥರ ಕಾಣುತ್ತವೆ. ಪೂರ್ತಿ ಹೋಗಿದ್ದು, ಕೆಐ-67 ಕಡಿಮೆ ಇದ್ದರೆ ನ್ಯೂರೋಸೈಟೋಮಕ್ಕೆ ವಿಕಿರಣ ಸಾಮಾನ್ಯವಾಗಿ ಬೇಡ. ಕೀಮೋಥೆರಪಿಗೂ ಇದರಲ್ಲಿ ದೊಡ್ಡ ಪಾತ್ರವಿಲ್ಲ.

ಆದರೆ ಎಲ್ಲರಲ್ಲೂ ಪೂರ್ತಿ ತೆಗೆಯಲು ಆಗುವುದಿಲ್ಲ. ನಾಜೂಕಿನ ಜಾಗಕ್ಕೆ ಅಂಟಿದ್ದನ್ನು ಬಿಟ್ಟುಬಂದ ಶಸ್ತ್ರಚಿಕಿತ್ಸಕರನ್ನು ದೂರಬೇಡಿ. ಎಷ್ಟೋ ಸಲ ಅದೇ ಸರಿಯಾದ ತೀರ್ಮಾನ. ಉಳಿದದ್ದು ಸಣ್ಣದು, ಕೆಐ-67 ಕಡಿಮೆ ಅಂದರೆ ಎಂಆರ್‌ಐ ಮಾಡುತ್ತಾ ಕಾಯಬಹುದು. ಬೆಳೆಯುತ್ತಿದ್ದರೆ, ಗಾತ್ರ ಸುಮಾರು 3 ಸೆಂ.ಮೀ. ಒಳಗಿದ್ದರೆ ಗಾಮಾ ನೈಫ್. ಹೆಸರಿನಲ್ಲಿ ಚಾಕು ಇದ್ದರೂ ಸೀಳುವುದಿಲ್ಲ; ತಲೆಗೆ ಚೌಕಟ್ಟು ಬಿಗಿದು, ಕೋಬಾಲ್ಟ್-60ರ ನೂರಾರು ಸಣ್ಣ ಕಿರಣಗಳನ್ನು ಒಂದೇ ಬಿಂದುವಿಗೆ ಕೂಡಿಸುತ್ತಾರೆ. ಹೆಚ್ಚಾಗಿ ಒಂದೇ ದಿನದ ಕೆಲಸ. ಉಳಿದದ್ದು ದೊಡ್ಡದು ಅಥವಾ ಹರಡಿಕೊಂಡಿದ್ದರೆ ದಿನಕ್ಕಿಷ್ಟು ಅಂತ ಕೊಡುವ ಸಾಮಾನ್ಯ ವಿಕಿರಣ: ಒಟ್ಟು 50ರಿಂದ 54 ಗ್ರೇ (ವಿಕಿರಣದ ಅಳತೆ), ವಾರಕ್ಕೆ ಐದು ದಿನದಂತೆ ಐದಾರು ವಾರ. ವಯಸ್ಸಿನ ಹುಡುಗರಲ್ಲಿ ಇದರ ದೂರದ ಪರಿಣಾಮಗಳನ್ನು, ಅಂದರೆ ನೆನಪು, ಹಾರ್ಮೋನ್, ಬಹಳ ವರ್ಷಗಳ ಮೇಲೆ ಇನ್ನೊಂದು ಗಡ್ಡೆಯ ಭಯ, ಎದುರಿಟ್ಟು ತೂಗಬೇಕು. ಹಾಗಾಗಿ ಗಾಮಾ ನೈಫ್ ಹೊಂದುವಂತಿದ್ದರೆ ನಾನಂತೂ ಅದರ ಕಡೆಗೇ. ಐದಾರು ವಾರದ ವಿಕಿರಣವೇ ಬೇಕಾದರೆ ಕಾಫಿ ಕುಯ್ಲಿನ ಹೊತ್ತಿನಲ್ಲಿ ಮನೆ ಬಿಟ್ಟು ಇರಲು ಒಬ್ಬರಾದರೂ ತಯಾರಿರಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಸುತ್ತಮುತ್ತ ರೋಗಿಗಳ ಕಡೆಯವರಿಗೆ ಧರ್ಮಶಾಲೆಯಿದೆ, ಮುಂಚಿತವಾಗಿ ವಿಚಾರಿಸಿ.

ಎಪೆಂಡೈಮೋಮದ ಮಾತು ಬೇರೆ. ಅದರಲ್ಲಿ ಆಪರೇಷನ್ ಆದ ಮೇಲೆ ವಿಕಿರಣ ಹೆಚ್ಚಾಗಿ ಬೇಕು, ಬೆನ್ನುಹುರಿಯ ಎಂಆರ್‌ಐಯನ್ನೂ ಮಾಡಲೇಬೇಕು, ಯಾಕೆಂದರೆ ಅದು ನೀರಿನ ಜೊತೆ ಕೆಳಗೆ ಇಳಿಯಬಹುದು.

ಮನೆಗೆ ಬಂದ ಮೇಲೆ ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಶಂಟ್ ಇದ್ದವರಿಗೆ ಮತ್ತೆ ತಲೆನೋವು, ವಾಂತಿ, ಮಂಪರು, ಜ್ವರ, ನಳಿಕೆ ಹೋದ ದಾರಿಯಲ್ಲಿ ಕೆಂಪು, ಇವುಗಳಲ್ಲಿ ಯಾವುದು ಬಂದರೂ ಅದೇ ದಿನ ಆಸ್ಪತ್ರೆ. ಬೈಕ್, ಜೀಪ್ ಓಡಿಸುವುದು, ಮರ ಹತ್ತಿ ಮೆಣಸು ಕುಯ್ಯುವುದು ಯಾವಾಗ ಅಂತ ಡಾಕ್ಟರ ಬಾಯಲ್ಲೇ ಕೇಳಿ; ನಮ್ಮ ತೋಟದ ಕೆಲಸ ಹೇಗಿರುತ್ತದೆ ಅಂತ ಅವರಿಗೆ ಬಿಡಿಸಿ ಹೇಳಿದರೆ ಉತ್ತರ ಸರಿಯಾಗಿ ಬರುತ್ತದೆ. ನ್ಯೂರೋಸೈಟೋಮ ಎಷ್ಟೋ ವರ್ಷದ ಮೇಲೂ ಮರಳಬಹುದಾದ್ದರಿಂದ ಎಂಆರ್‌ಐ ಮೊದಮೊದಲು ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನಡೆಯುತ್ತದೆ. ಪ್ರತಿ ಸಲವೂ ಸಾಧ್ಯವಾದರೆ ಅದೇ ಯಂತ್ರದಲ್ಲಿ ಮಾಡಿಸಿ, ಹೋಗುವಾಗ ಹಳೆಯ ಸಿ.ಡಿ.ಗಳನ್ನೆಲ್ಲ ತೆಗೆದುಕೊಂಡು ಹೋಗಿ, ಹಿಂದಿನದಕ್ಕೆ ಹೋಲಿಸಿ ಬರೆಯಿರಿ ಅಂತ ರೇಡಿಯಾಲಜಿಸ್ಟರನ್ನು ಕೇಳಿ.